ಕಾಯುವುದಿಲ್ಲ ಎಂದ ಕಾರ್ಡಿನಲ್

2001ರ ಫೆಬ್ರವರಿ 28, ಬುಧವಾರ. ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ ದಿನ. ಅವತ್ತು ಸಂಜೆ ಪಕ್ಕದ ಮನೆ ಮಾಮ ಹಣೆಗೆ ಬೂದಿ ಹಚ್ಚಿಕೊಂಡು ನಮ್ಮ ಜಗಲಿಗೆ ಬಂದರು. ನಾನಾಗ ಒಂಬತ್ತನೇ ಕ್ಲಾಸು. ಗಣಿ ಹೋಯ್ತು ಅಂತಲೇ ಬೂದಿ ಇಟ್ಟುಕೊಂಡಿದ್ದಾರೆ ಅಂದುಕೊಂಡು ಹೆದರಿದೆ. ಒಳಗೆ ಓಡಿಹೋಗಿ ಅಮ್ಮನಿಗೆ ಹೇಳಿದೆ. "ಅಲ್ಲ ಕಣೇ, ಇವತ್ತು ಅವರಿಗೆ ಬೂದಿ ಬುಧವಾರ. ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ಉಪವಾಸ ಇವತ್ತಿಂದ ಶುರು" ಅಂದರು ಅಮ್ಮ. ಗಣಿ ಕೆಲಸದವರ ಲೈನ್ ಮನೆಗಳಲ್ಲಿ ಬೆಳೆದ ನಮಗೆಲ್ಲ ಒಬ್ಬರ ಹಬ್ಬ ಇನ್ನೊಬ್ಬರಿಗೆ ಗೊತ್ತಿರುತ್ತಿತ್ತು. ನನಗೆ ಆವತ್ತು ಮಾತ್ರ ಮರೆತುಹೋಗಿತ್ತು.

ಮಾಮ ಚಾಂಪಿಯನ್ ರೀಫ್ಸ್‌ನಲ್ಲಿ ಅಂಡರ್‌ಗ್ರೌಂಡ್ ಕೆಲಸದವರು. ಅಪ್ಪ ಟೈಮ್ ಆಫೀಸಿನಲ್ಲಿ ಗುಮಾಸ್ತರು. ಶಾಫ್ಟಿಗೆ ಇಳಿದವರ ಹೆಸರು, ಹತ್ತಿದವರ ಹೆಸರು, ಹಾಜರಿ, ಪಾಳಿ ಎಲ್ಲ ಅಪ್ಪನ ಪುಸ್ತಕದಲ್ಲಿ. ಅವತ್ತು ಇಬ್ಬರಿಗೂ ಮಾತಿರಲಿಲ್ಲ. ಅಮ್ಮ ಕೊಟ್ಟ ಕಾಫಿ ಆರುವವರೆಗೂ ಮಾಮ ಸುಮ್ಮನೆ ಕೂತಿದ್ದರು. ಆಮೇಲೆ ಅವರೇ ಶುರು ಮಾಡಿದರು.

"ಸಾರ್, ಇವತ್ತು ಚರ್ಚಲ್ಲಿ ಫಾದರ್ ಒಬ್ಬರ ವಿಷಯ ಹೇಳಿದ್ರು. ವಿಯೆಟ್ನಾಂನವರಂತೆ. ಹೋದ ಬುಧವಾರ ರೋಮಲ್ಲಿ ಕಾರ್ಡಿನಲ್ ಮಾಡಿದ್ರಂತೆ, ಪೋಪ್ ಕೆಳಗಿನ ದೊಡ್ಡ ಪದವಿ. ಹದಿಮೂರು ವರ್ಷ ಜೈಲಲ್ಲಿ ಇದ್ರಂತೆ ಸಾರ್. ಹಿಡ್ಕೊಂಡು ಹೋದಾಗಲೇ ಮನಸ್ಸಲ್ಲಿ ಹೇಳ್ಕೊಂಡ್ರಂತೆ, ನಾನು ಕಾಯಲ್ಲ ಅಂತ."

ಅಪ್ಪ ತಲೆ ಎತ್ತಿ ಕೇಳಿದರು. "ಜೈಲಲ್ಲಿ ಕಾಯದೆ ಇನ್ನೇನ್ರೀ ಮಾಡ್ತಾರೆ?"

ಮಾಮನ ಹತ್ತಿರ ಉತ್ತರ ಇರಲಿಲ್ಲ. ಹತ್ತು ದಿನ ಕಳೆಯುವಷ್ಟರಲ್ಲಿ ಅವರು ಬೆಳಗಿನ ಜಾವದ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಒಂದು ಅಪಾರ್ಟ್‌ಮೆಂಟಿನ ಗೇಟು ಕಾಯುವ ಕೆಲಸಕ್ಕೆ ಸೇರಿದರು. ಅಪ್ಪ ಗಣಿ ಮತ್ತೆ ತೆರೆಯಲಿ ಅಂತ ಕಾದರು. ಹದಿನೈದು ವರ್ಷ ಕಾದರು.

ಅಪ್ಪ ಕೇಳಿದ ಆ ಪ್ರಶ್ನೆಯ ಹಿಂದೆ ನಾನು ಹೋಗಿದ್ದು ಅಪ್ಪ ತೀರಿಕೊಂಡ ಮೇಲೆ. ಅವರ ಪೆಟ್ಟಿಗೆಯಲ್ಲಿ ಒಂದು ಫೈಲ್ ಸಿಕ್ಕಿತು. ಗಣಿಯ ಬಗ್ಗೆ ಪೇಪರಿನಲ್ಲಿ ಬಂದ ಸುದ್ದಿಯೆಲ್ಲ ಕತ್ತರಿಸಿ ಅಂಟಿಸಿದ್ದರು. ಜಾಗತಿಕ ಟೆಂಡರ್ ಕರೆಯುತ್ತಾರಂತೆ, ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟಿತಂತೆ, ಚಿನ್ನ ತೆಗೆದು ಸುರಿದ ಸೈನೈಡ್ ದಿಬ್ಬದ ಮಣ್ಣಿನಲ್ಲೇ ಇನ್ನೂ ಚಿನ್ನ ಇದೆಯಂತೆ. ಪ್ರತಿಯೊಂದರ ಮೇಲೂ ಟೈಮ್ ಆಫೀಸಿನ ಅದೇ ದುಂಡು ಅಕ್ಷರದಲ್ಲಿ ತಾರೀಖು. ಆ ಫೈಲ್ ನೋಡಿ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅವತ್ತು ರಾತ್ರಿ ಕೋಲಾರದ ಮನೆಯಲ್ಲಿ ಕೂತು, ಮಾಮ ಹೇಳಿದ್ದ ಆ ಕಾರ್ಡಿನಲ್ ಯಾರು ಅಂತ ಹುಡುಕಿದೆ. ಹೆಸರು ಫ್ರಾನ್ಸಿಸ್ ಜೇವಿಯರ್ ನ್ಗುಯೆನ್ ವಾನ್ ಥುವಾನ್. ಅಂದಿನಿಂದ ಅವರ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಾ ಬಂದಿದ್ದೇನೆ. ನಾನು ಕ್ರೈಸ್ತಳಲ್ಲ. ಆದರೂ ಈ ಮನುಷ್ಯ ನನಗೆ ಮನೆಯವರ ಹಾಗೆ ಆಗಿಬಿಟ್ಟಿದ್ದಾರೆ.

ಥುವಾನ್ ಹುಟ್ಟಿದ್ದು 1928ರ ಏಪ್ರಿಲ್ 17ರಂದು, ಮಧ್ಯ ವಿಯೆಟ್ನಾಂನ ಹುಯೆ ಪಟ್ಟಣದಲ್ಲಿ. ಮನೆಗೆ ಹಿರಿಯ ಮಗ. ಅವರ ಮನೆತನದಲ್ಲಿ ನಂಬಿಕೆಗಾಗಿ ಪ್ರಾಣ ಕೊಟ್ಟವರ ಕಥೆಗಳು ಒಂದೆರಡಲ್ಲ. 1885ರಲ್ಲಿ ತಾಯಿಯ ಊರಿನ ಕ್ರೈಸ್ತರನ್ನೆಲ್ಲ ಚರ್ಚಿನೊಳಗೆ ಕೂಡಿ ಬೆಂಕಿ ಇಟ್ಟರು. ಓದಲು ಮಲೇಷ್ಯಾಕ್ಕೆ ಹೋಗಿದ್ದ ಅಜ್ಜ ಮಾತ್ರ ಉಳಿದರು. ತಂದೆಯ ಕಡೆಯ ಮುತ್ತಾತನದು ಇನ್ನೊಂದು ಕಥೆ. ಕ್ರೈಸ್ತ ಅನ್ನುವ ಕಾರಣಕ್ಕೆ ಅವರ ತಂದೆಯನ್ನು ಸೆರೆಯಲ್ಲಿಟ್ಟಿದ್ದರು. ಹದಿನೈದು ವರ್ಷದ ಹುಡುಗ ದಿನಾ ಮೂವತ್ತು ಕಿಲೋಮೀಟರ್ ನಡೆದು ಅಪ್ಪನಿಗೆ ಒಂದಿಷ್ಟು ಅನ್ನ, ಒಂದಿಷ್ಟು ಉಪ್ಪು ಕೊಟ್ಟು ಬರುತ್ತಿದ್ದ. ಮನೆಯಲ್ಲಿ ಓದು ಬರಹ ಬಾರದ ಅಜ್ಜಿ ಇದ್ದರು. ರಾತ್ರಿ ಎಲ್ಲರ ಪ್ರಾರ್ಥನೆ ಮುಗಿದ ಮೇಲೆ ಪಾದ್ರಿಗಳಿಗಾಗಿ ಅಂತ ಇನ್ನೊಂದು ಸಲ ಜಪಸರ ಎಣಿಸುತ್ತಿದ್ದರು. ಅನ್ನ ಮತ್ತು ಉಪ್ಪಿನ ಕಥೆ ಓದಿದಾಗ ನನಗೆ ಬೇರೆ ದೇಶ ಅನ್ನಿಸಲೇ ಇಲ್ಲ.

ಇದೇ ಮನೆತನಕ್ಕೆ ಅಧಿಕಾರದ ಮುಖವೂ ಇತ್ತು. ಅದನ್ನು ಬಿಟ್ಟು ಹೇಳಿದರೆ ಕಥೆ ಅರ್ಧ ಆಗುತ್ತದೆ. ಥುವಾನ್ ಅವರ ತಾಯಿಯ ಅಣ್ಣ ನ್ಗೊ ದಿನ್ ಜೀಯೆಮ್ ದಕ್ಷಿಣ ವಿಯೆಟ್ನಾಂನ ಅಧ್ಯಕ್ಷರಾಗಿದ್ದರು. ಇನ್ನೊಬ್ಬ ಮಾವ ಹುಯೆಯ ಆರ್ಚ್‌ಬಿಷಪ್. ಜೀಯೆಮ್ ಅವರ ಆಡಳಿತ ಬೌದ್ಧರ ಮೇಲೆ ಕೈ ಮಾಡಿತು. 1963ರಲ್ಲಿ ಬೌದ್ಧ ಭಿಕ್ಷುಗಳು ಬೀದಿಗೆ ಇಳಿದರು, ಒಬ್ಬರು ರಾಜಧಾನಿ ಸೈಗಾನಿನ ನಡುಬೀದಿಯಲ್ಲಿ ತಮ್ಮನ್ನು ತಾವೇ ಸುಟ್ಟುಕೊಂಡರು. ಅದೇ ವರ್ಷ ನವೆಂಬರ್ 2ರಂದು ಸೇನೆಯ ದಂಗೆಯಲ್ಲಿ ಜೀಯೆಮ್ ಅವರನ್ನೂ ಅವರ ತಮ್ಮನನ್ನೂ ಕೊಂದರು. ಇಂಥ ಮನೆಯ ಸೋದರಳಿಯ ಈ ಪಾದ್ರಿ. ಮುಂದೆ ಅವರ ಮೇಲೆ ಬಿದ್ದ ಅನುಮಾನಕ್ಕೆ ಆ ನೆಂಟಸ್ತಿಕೆಯೂ ಒಂದು ಕಾರಣ.

1953ರಲ್ಲಿ ಪಾದ್ರಿ, ಆಮೇಲೆ ರೋಮಿನಲ್ಲಿ ಚರ್ಚ್ ಕಾನೂನಿನ ಡಾಕ್ಟರೇಟ್, 1967ರಲ್ಲಿ ಸಮುದ್ರ ತೀರದ ನ್ಯಾ ತ್ರಾಂಗ್ ಊರಿನ ಬಿಷಪ್. ಅಲ್ಲಿ ಎಂಟು ವರ್ಷ. ಯುದ್ಧದ ನಡುವೆಯೂ ಸೆಮಿನರಿ, ಅಂದರೆ ಪಾದ್ರಿ ಆಗುವವರ ಶಾಲೆ ಬೆಳೆಸಿದರು, ಯುವಕರನ್ನು ತಯಾರು ಮಾಡಿದರು. ದೊಡ್ಡ ಸೆಮಿನರಿಯಲ್ಲಿ 42 ಇದ್ದ ಹುಡುಗರು 147 ಆದರು. ಒಟ್ಟಿನಲ್ಲಿ ಕೈತುಂಬ ಕೆಲಸ ಇದ್ದ ಮನುಷ್ಯ. 1975ರ ಏಪ್ರಿಲ್ 24ರಂದು ಪೋಪ್ ಆರನೇ ಪಾಲ್ ಥುವಾನ್ ಅವರನ್ನು ಸೈಗಾನಿಗೆ ಸಹಾಯಕ ಆರ್ಚ್‌ಬಿಷಪ್ ಆಗಿ ನೇಮಿಸಿದರು, ಮುಂದೆ ಅವರೇ ಆರ್ಚ್‌ಬಿಷಪ್ ಆಗಬೇಕು ಅನ್ನುವ ಲೆಕ್ಕದಲ್ಲಿ. ಆರು ದಿನಕ್ಕೆ ಸೈಗಾನ್ ಕಮ್ಯುನಿಸ್ಟರ ಕೈಗೆ ಬಿತ್ತು. ಹೊಸ ಸರ್ಕಾರಕ್ಕೆ ಈ ನೇಮಕ ವ್ಯಾಟಿಕನ್ನಿನ ಸಂಚಿನ ಹಾಗೆ ಕಂಡಿತು.

1975ರ ಆಗಸ್ಟ್ 15. ನಮ್ಮಲ್ಲಿ ಬಾವುಟ ಹಾರಿಸುವ ದಿನ, ಕ್ಯಾಥೊಲಿಕರಿಗೆ ಮರಿಯಮ್ಮನವರು ಸ್ವರ್ಗ ಸೇರಿದ ಹಬ್ಬ. ಆವತ್ತು ಅವರನ್ನು ಸೈಗಾನಿನ ಸ್ವಾತಂತ್ರ್ಯ ಅರಮನೆಗೆ ಕರೆಸಿ, ಅಲ್ಲಿಂದಲೇ ಬಂಧಿಸಿ ಕಾರಿನಲ್ಲಿ ಕೂರಿಸಿದರು. ಮಧ್ಯಾಹ್ನ ಎರಡು ಗಂಟೆ. ನ್ಯಾ ತ್ರಾಂಗ್ ಕಡೆಗೆ 450 ಕಿಲೋಮೀಟರ್ ದಾರಿ. ಮೈಮೇಲೆ ನಿಲುವಂಗಿ, ಜೇಬಿನಲ್ಲಿ ಜಪಸರ, ಅಷ್ಟೇ. ಆಗ ಅವರಿಗೆ 47 ವರ್ಷ.

ಆ ದಿನಗಳಲ್ಲೇ ಅವರಿಗೆ ಇನ್ನೊಬ್ಬ ಬಿಷಪ್ ನೆನಪಾದರು. ಚೀನಾದಲ್ಲಿ 12 ವರ್ಷ ಸೆರೆಯಲ್ಲಿದ್ದು 1970ರಲ್ಲಿ ಬಿಡುಗಡೆಯಾದ ಅಮೆರಿಕದ ಬಿಷಪ್ ವಾಲ್ಶ್. ಅರ್ಧ ಆಯಸ್ಸನ್ನು ಕಾಯುವುದರಲ್ಲೇ ಕಳೆದೆ ಅಂತ ವಾಲ್ಶ್ ಹೇಳಿದ್ದರು. ಸೆರೆಯಲ್ಲಿರುವ ಎಲ್ಲರೂ ಪ್ರತಿ ನಿಮಿಷ ಬಿಡುಗಡೆಗೆ ಕಾಯುತ್ತಾರೆ, ನಾನು ಕಾಯುವುದಿಲ್ಲ ಅಂತ ಥುವಾನ್ ತೀರ್ಮಾನ ಮಾಡಿದರು. ಈಗಿರುವ ಈ ಗಳಿಗೆಯನ್ನೇ ಬದುಕುತ್ತೇನೆ, ಅದನ್ನು ಪ್ರೀತಿಯಿಂದ ತುಂಬುತ್ತೇನೆ. ಲಕ್ಷಾಂತರ ಚುಕ್ಕಿ ಒಂದರ ಪಕ್ಕ ಒಂದು ಕೂಡಿದರೆ ಗೆರೆ ಆಗುತ್ತದಲ್ಲ, ಹಾಗೆ ಒಂದೊಂದು ಗಳಿಗೆಯನ್ನೂ ಚೆನ್ನಾಗಿ ಇಡುತ್ತಾ ಹೋದರೆ ಬದುಕು ನೇರ ಆಗುತ್ತದೆ. ಇದು ಅವರ ಲೆಕ್ಕ.

ಕೇಳಲು ಚೆಂದ. ಆದರೆ ಕೈಯಲ್ಲಿ ಏನೂ ಇಲ್ಲದವನು ಗಳಿಗೆಯನ್ನು ತುಂಬುವುದು ಹೇಗೆ? ಅಪ್ಪ ಕೇಳಿದ್ದೂ ಇದನ್ನೇ ಅಲ್ವಾ?

ನ್ಯಾ ತ್ರಾಂಗ್ ಹತ್ತಿರದ ಒಂದು ಹಳ್ಳಿಯಲ್ಲಿ ಅವರನ್ನು ಗೃಹಬಂಧನದಲ್ಲಿ ಇಟ್ಟಿದ್ದರು. ತಮ್ಮ ಜನರ ಜೊತೆ ಮಾತಾಡುವ ಹಾಗಿಲ್ಲ. ಅಕ್ಟೋಬರಿನ ಒಂದು ಬೆಳಗಿನ ಜಾವ ಕ್ವಾಂಗ್ ಅನ್ನುವ ಏಳು ವರ್ಷದ ಹುಡುಗ ಚರ್ಚಿನಿಂದ ಮನೆಗೆ ಹೋಗುತ್ತಿದ್ದ. ಥುವಾನ್ ಅವನನ್ನು ಕರೆದು, ಹಳೇ ಕ್ಯಾಲೆಂಡರ್ ಇದ್ದರೆ ಕಳಿಸಲು ನಿಮ್ಮಮ್ಮನಿಗೆ ಹೇಳು ಅಂದರು. ಸಂಜೆ ಕತ್ತಲಾದ ಮೇಲೆ ಹುಡುಗ ಕ್ಯಾಲೆಂಡರ್ ತಂದುಕೊಟ್ಟ.

ಇದನ್ನು ಓದಿದಾಗ ನನಗೆ ನಮ್ಮಮ್ಮನ ಅಡುಗೆಮನೆ ಗೋಡೆ ಕಣ್ಣ ಮುಂದೆ ಬಂತು. ದಿನಕ್ಕೊಂದು ಹಾಳೆ ಹರಿಯುವ ದಪ್ಪ ಕ್ಯಾಲೆಂಡರ್. ಮುಂದೆ ದೊಡ್ಡ ಅಂಕಿ, ಹಿಂದೆ ಖಾಲಿ. ಅಮ್ಮ ಹರಿದ ಹಾಳೆಯನ್ನು ಎಸೆಯುತ್ತಿರಲಿಲ್ಲ. ಮೊಳೆಗೆ ಸಿಕ್ಕಿಸಿ ಇಟ್ಟು, ಹಿಂಭಾಗದಲ್ಲಿ ಹಾಲಿನ ಲೆಕ್ಕ, ಸೊಸೈಟಿಯಿಂದ ತಂದ ಅಕ್ಕಿ ಸಕ್ಕರೆ ಲೆಕ್ಕ ಬರೆಯುತ್ತಿದ್ದರು. ಅಂಗೈ ಅಗಲದ ಕಾಗದ. ಅದರಲ್ಲಿ ಜಾಸ್ತಿ ಬರೆಯಲು ಜಾಗವೇ ಇರುವುದಿಲ್ಲ, ಒಂದು ಮಾತು, ಎರಡು ಮಾತು ಅಷ್ಟೇ. ಥುವಾನ್ ಅಂಥ ಹಾಳೆಗಳ ಹಿಂದೆ ಎಣ್ಣೆ ದೀಪದ ಬೆಳಕಿನಲ್ಲಿ, ಸೊಳ್ಳೆ ಕಚ್ಚಿಸಿಕೊಳ್ಳುತ್ತಾ, ಅಕ್ಟೋಬರ್ ನವೆಂಬರ್ ಎರಡು ತಿಂಗಳು ರಾತ್ರಿ ರಾತ್ರಿ ಬರೆದರು. ಕ್ವಾಂಗ್ ಬಂದು ಹಾಳೆ ಒಯ್ಯುತ್ತಿದ್ದ. ಅವನ ಅಣ್ಣ ಅಕ್ಕಂದಿರು ಮನೆಯಲ್ಲಿ ಕೂತು ನಕಲು ಮಾಡುತ್ತಿದ್ದರು. ಆ ನಕಲುಗಳು ಊರೂರಿಗೆ ಹೋದವು. ಒಟ್ಟು 1001 ಚಿಕ್ಕ ಚಿಕ್ಕ ಮಾತುಗಳು. ಮುಂದೆ ಅವು ಪುಸ್ತಕವಾಗಿ ಎಷ್ಟೋ ಭಾಷೆಗೆ ಹೋದವು.

ಆ ಮಕ್ಕಳಿಗೆ ನಕಲು ಮಾಡುವಾಗ ಎಷ್ಟು ಅರ್ಥ ಆಗುತ್ತಿತ್ತೋ. ಹೋಮ್‌ವರ್ಕ್ ಬಿಟ್ಟು ಕೂತಿದ್ದರೋ ಏನೋ. ಆ ತಾಯಿಯ ಧೈರ್ಯ ನೆನೆಸಿಕೊಂಡರೆ ಮೈ ಜುಂ ಅನ್ನುತ್ತದೆ.

1976ರ ಮಾರ್ಚ್‌ನಲ್ಲಿ ಅವರನ್ನು ಫು ಖಾನ್ ಜೈಲಿಗೆ ಹಾಕಿದರು. ಒಂಟಿ ಕೋಣೆ, ಕಿಟಕಿ ಇಲ್ಲ. ಚಾಪೆಯ ಮೇಲೆ ಅಣಬೆ ಏಳುವಷ್ಟು ತೇವ. ಕೆಲವು ದಿನ ಹಗಲು ರಾತ್ರಿ ದೀಪ ಉರಿಸಿಯೇ ಬಿಡುತ್ತಿದ್ದರು, ಕೆಲವು ದಿನ ಬರೀ ಕತ್ತಲು. ಉಸಿರು ಕಟ್ಟಿದಾಗ ಗೋಡೆಯ ಬುಡದಲ್ಲಿದ್ದ ಒಂದು ತೂತಿಗೆ ಮೂಗು ಇಟ್ಟು ನೆಲದ ಮೇಲೆ ಮಲಗುತ್ತಿದ್ದರು. ಮಳೆ ಬಂದರೆ ಅದೇ ತೂತಿನಿಂದ ನೀರು, ನೀರಿನ ಜೊತೆ ಹುಳ ಹುಪ್ಪಟೆ. ಓಡಿಸಲು ತ್ರಾಣವಿಲ್ಲದೆ ಸುಮ್ಮನೆ ಬಿಟ್ಟುಬಿಡುತ್ತಿದ್ದರು.

ಮಾಮ ಒಮ್ಮೆ ನಮಗೆ ಗಣಿಯ ಕತ್ತಲ ಬಗ್ಗೆ ಹೇಳಿದ್ದರು. "ಲ್ಯಾಂಪ್ ಆರಿಹೋದ್ರೆ ಪಾಪಾ, ಕಣ್ಣು ಮುಚ್ಚಿದ್ರೂ ತೆರೆದ್ರೂ ಒಂದೇ. ಸ್ವಲ್ಪ ಹೊತ್ತಿಗೆ ನಮ್ಮ ಕೈ ಎಲ್ಲಿದೆ ಅಂತ ನಮಗೇ ಮರೆತುಹೋಗುತ್ತೆ. ಅದಕ್ಕೇ ನಾವು ಹಾಡ್ತಾ ಇರ್ತೀವಿ, ಇಲ್ಲಾ ಸುಮ್ನೆ ಬೈದಾಡ್ತಾ ಇರ್ತೀವಿ." ಥುವಾನ್‌ಗೆ ಬೈಯಲೂ ಯಾರೂ ಇರಲಿಲ್ಲ.

ಚರ್ಚಿನ ಭಾಷಣಗಳಲ್ಲಿ ಈ ಭಾಗ ಬೇಗ ಮುಗಿದುಹೋಗುತ್ತದೆ. ನನಗೆ ಇಲ್ಲೇ ನಿಲ್ಲಬೇಕು ಅನ್ನಿಸುತ್ತದೆ. ಯಾಕೆಂದರೆ "ನಾನು ಕಾಯುವುದಿಲ್ಲ" ಅಂದವರು ಆ ಮಾತನ್ನು ಒಂದೇ ಸಲ ಹೇಳಿ ಗೆದ್ದುಬಿಡಲಿಲ್ಲ. ಒಂದು ಚಿಕ್ಕ ಪ್ರಾರ್ಥನೆಯನ್ನೂ ಪೂರ್ತಿ ಹೇಳಲಾಗದಷ್ಟು ಸೋತ ದಿನಗಳು ಇದ್ದವು ಅಂತ ಅವರೇ ಹೇಳಿಕೊಂಡಿದ್ದಾರೆ. ಕೈಗೆ ಬಂದ ಕೆಲಸವೆಲ್ಲ ಅರ್ಧಕ್ಕೇ ನಿಂತುಹೋಯಿತಲ್ಲ ಅನ್ನುವ ಸಂಕಟ ಅವರನ್ನು ತಿನ್ನುತ್ತಿತ್ತು. ಸೆಮಿನರಿ, ಹುಡುಗರು, ಯುವಕರ ಸಂಘಗಳು, ಎಲ್ಲ ದೇವರ ಕೆಲಸವೇ. ಅದನ್ನೇ ಯಾಕೆ ಕಿತ್ತುಕೊಂಡ? ಒಂದು ರಾತ್ರಿ ಅವರೊಳಗೆ ಒಂದು ಮಾತು ಕೇಳಿಸಿತಂತೆ. ಆ ಕೆಲಸಗಳು ದೇವರ ಕೆಲಸಗಳು, ಆದರೆ ಅವು ದೇವರಲ್ಲ. ನೀನು ಆರಿಸಿಕೊಂಡಿದ್ದು ದೇವರನ್ನು.

ನನಗೆ ದೇವರ ವಿಷಯ ಅಷ್ಟು ಗಟ್ಟಿಯಾಗಿ ಗೊತ್ತಿಲ್ಲ. ಆದರೆ ಕೆಲಸವೇ ತಾನು ಅಂದುಕೊಂಡವರಿಂದ ಕೆಲಸ ಕಿತ್ತುಕೊಂಡರೆ ಏನಾಗುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ. ಗಣಿ ಮುಚ್ಚಿದ ಮೇಲೂ ಎಷ್ಟೋ ದಿನ ಅಪ್ಪ ಪಾಳಿಯ ಹೊತ್ತಿಗೇ ಏಳುತ್ತಿದ್ದರು. ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಜಗಲಿಯಲ್ಲಿ ಕೂರುತ್ತಿದ್ದರು.

1976ರ ಡಿಸೆಂಬರ್ 1ರಂದು ಒಂದೂವರೆ ಸಾವಿರ ಕೈದಿಗಳ ಜೊತೆ ಅವರನ್ನು ಹಡಗಿನ ತಳದಲ್ಲಿ ತುಂಬಿ ಉತ್ತರಕ್ಕೆ ಸಾಗಿಸಿದರು. ಅಲ್ಲಿ ಬೆಟ್ಟದ ನಡುವಿನ ಶಿಬಿರ. ಐವತ್ತು ಜನರ ಗುಂಪು, ಒಂದೇ ಉದ್ದನೆ ಹಲಗೆಯ ಮಂಚ, ಒಬ್ಬೊಬ್ಬರಿಗೆ ಅರ್ಧ ಮೀಟರ್ ಜಾಗ. ಮನೆಯಿಂದ ಬೇಕಾದ ಸಾಮಾನು ತರಿಸಿಕೊಳ್ಳಲು ಬಂಧನವಾದ ಮಾರನೇ ದಿನವೇ ಒಂದು ಚೀಟಿ ಬರೆಯಲು ಬಿಟ್ಟಿದ್ದರು. ಹೊಟ್ಟೆನೋವಿನ ಔಷಧಿ ಅಂತ ಸ್ವಲ್ಪ ವೈನ್ ಕಳಿಸಿ ಅಂತ ಬರೆದಿದ್ದರು. ಕ್ರೈಸ್ತರ ಬಲಿಪೂಜೆಗೆ ಅಪ್ಪ (ತೆಳು ರೊಟ್ಟಿ) ಮತ್ತು ವೈನ್ ಬೇಕು, ಜನಕ್ಕೆ ಅರ್ಥವಾಯಿತು. "ಹೊಟ್ಟೆನೋವಿನ ಔಷಧಿ" ಅಂತ ಚೀಟಿ ಅಂಟಿಸಿದ ಚಿಕ್ಕ ಬಾಟಲಿ ಬಂತು, ತೇವ ಆಗದ ಹಾಗೆ ಟಾರ್ಚ್‌ನೊಳಗೆ ಬಚ್ಚಿಟ್ಟ ಪೂಜೆಯ ಅಪ್ಪವೂ ಬಂತು.

ಆಮೇಲೆ ಅವರ ಅಂಗೈಯೇ ಪೂಜಾಪಾತ್ರೆ. ಅಂಗೈ ಕುಳಿಯಲ್ಲಿ ಮೂರು ಹನಿ ವೈನ್, ಒಂದು ಹನಿ ನೀರು. ಶಿಬಿರದಲ್ಲಿ ರಾತ್ರಿ ಒಂಬತ್ತೂವರೆಗೆ ದೀಪ ಆರಿಸಿದ ಮೇಲೆ ಸೊಳ್ಳೆಪರದೆಯ ಕೆಳಗೆ ಬಗ್ಗಿ ಕೂತು ಬಾಯಿಪಾಠದಿಂದ ಬಲಿಪೂಜೆ. ಪಕ್ಕದಲ್ಲಿ ಮಲಗಿದ ಐವರು ಕ್ಯಾಥೊಲಿಕರಿಗೆ ಪರದೆಯಡಿಯಿಂದ ಕೈ ಚಾಚಿ ಪರಮಪ್ರಸಾದ. ಉಳಿದದ್ದನ್ನು ಸಿಗರೇಟ್ ಪ್ಯಾಕಿನ ಕಾಗದದಲ್ಲಿ ಪೊಟ್ಟಣ ಕಟ್ಟಿ, ಬೇರೆ ಗುಂಪಿನವರಿಗೆ ದಾಟಿಸುತ್ತಿದ್ದರು. ನನ್ನ ಅಂಗೈಯಲ್ಲಿ ಮೂರು ಹನಿ ನೀರು ಹಾಕಿಕೊಂಡು ನೋಡಿದ್ದೇನೆ. ಕೈ ಸ್ವಲ್ಪ ನಡುಗಿದರೂ ಬೆರಳ ಸಂದಿಗೆ ಜಾರಿಹೋಗುತ್ತದೆ.

ಹದಿಮೂರು ವರ್ಷದಲ್ಲಿ ಒಂಬತ್ತು ವರ್ಷ ಒಂಟಿ ಸೆರೆ. ವಿಚಾರಣೆ ಇಲ್ಲ, ತೀರ್ಪು ಇಲ್ಲ. ಇಬ್ಬರು ಕಾವಲುಗಾರರು ಮಾತ್ರ. ಅವರಿಗೆ ಇವರ ಜೊತೆ ಮಾತಾಡಬಾರದು ಅಂತ ಆಜ್ಞೆ. ಹೌದು, ಇಲ್ಲ, ಅಷ್ಟೇ. ಥುವಾನ್ ನಗುವುದರಿಂದ ಶುರು ಮಾಡಿದರು. ಆಮೇಲೆ ತಾವು ನೋಡಿದ ದೇಶಗಳ ಕಥೆ ಹೇಳಿದರು. ಅಮೆರಿಕ, ಕೆನಡಾ, ಜಪಾನ್. ಕಾವಲಿನ ಹುಡುಗರಿಗೆ ಕುತೂಹಲ ಹುಟ್ಟಿತು. ಪ್ರಶ್ನೆ ಕೇಳಿದರು. ಫ್ರೆಂಚ್ ಕಲಿಸಿ ಅಂದರು, ಇಂಗ್ಲಿಷ್ ಕಲಿಸಿ ಅಂದರು. ಇವರ ಜೊತೆ ಇದ್ದು ಕೆಟ್ಟುಹೋಗುತ್ತಾರೆ ಅಂತ ಮೇಲಧಿಕಾರಿಗಳು ಹದಿನೈದು ದಿನಕ್ಕೊಮ್ಮೆ ಕಾವಲು ಬದಲಾಯಿಸುತ್ತಿದ್ದರು. ಕೊನೆಗೆ ಅದನ್ನೂ ಬಿಟ್ಟರು. ಹೀಗೇ ಬದಲಾಯಿಸುತ್ತಾ ಹೋದರೆ ಎಲ್ಲ ಪೊಲೀಸರೂ ಇವರ ಕಡೆಯವರಾಗುತ್ತಾರೆ ಅನ್ನುವ ಭಯ. ಒಬ್ಬ ಕಾವಲುಗಾರ ಲ್ಯಾಟಿನ್ ಪ್ರಾರ್ಥನಾ ಗೀತೆಯೊಂದನ್ನು ಕಲಿತು, ಬೆಳಗ್ಗೆ ವ್ಯಾಯಾಮಕ್ಕೆ ಹೋಗುವಾಗ ಮೆಟ್ಟಿಲಿಳಿಯುತ್ತಾ ಹಾಡುತ್ತಿದ್ದನಂತೆ. ಒಬ್ಬ ಆರ್ಚ್‌ಬಿಷಪ್‌ನನ್ನು ಕಮ್ಯುನಿಸ್ಟ್ ಜೈಲಿನಲ್ಲಿ ಬೆಳಗ್ಗೆ ಎಬ್ಬಿಸುತ್ತಿದ್ದುದು ಆ ಹಾಡು.

ನಮ್ಮ "ಕಾಯು" ಅನ್ನುವ ಮಾತು ಎಷ್ಟು ಆಳ ನೋಡಿ. ಬಸ್ಸಿಗೆ ಕಾಯುತ್ತೇವೆ. ದನ ಕಾಯುತ್ತೇವೆ, ಹೊಲ ಕಾಯುತ್ತೇವೆ. ಒಲೆಯ ಮೇಲೆ ನೀರು ಕಾಯುತ್ತದೆ. ದೇವರೇ ಕಾಯಪ್ಪ ಅನ್ನುತ್ತೇವೆ. ಎಲ್ಲಕ್ಕೂ ಒಂದೇ ಮಾತು. ಅಪ್ಪ ಗಣಿಗಾಗಿ ಕಾದರು, ಮಾಮ ಬೆಂಗಳೂರಿನಲ್ಲಿ ಗೇಟು ಕಾದರು. ಚಾಂಪಿಯನ್ ರೀಫ್ಸ್‌ನಲ್ಲಿ ಮೂರು ಕಿಲೋಮೀಟರ್ ಆಳದಲ್ಲಿ ಬಂಡೆಯೇ ಕಾದಿರುತ್ತಿತ್ತು, ಮುಟ್ಟಿದರೆ ಕೈ ಚುರ್ ಅನ್ನುವಷ್ಟು. ಕಾಯುವುದಿಲ್ಲ ಎಂದ ಮನುಷ್ಯನನ್ನು ಆ ಹುಡುಗರು ಹಗಲೂ ರಾತ್ರಿ ಕಾದರು. ಕ್ರಮೇಣ ಅವರು ಕಾದಿದ್ದು ಯಾವ ಅರ್ಥದಲ್ಲಿ ಅನ್ನುವುದೇ ಬದಲಾಯಿತು. ಅವರು ಓಡಿಹೋಗದ ಹಾಗೆ ಕಾಯುತ್ತಿದ್ದವರು ಅವರಿಗೆ ಏನೂ ಆಗದ ಹಾಗೆ ಕಾಯತೊಡಗಿದರು.

ಹಾಗಂತ ಅವರಿಗೆ ಹೊರಗೆ ಬರುವ ಆಸೆ ಇರಲಿಲ್ಲ ಅಂತಲ್ಲ. ನನಗೆ ತುಂಬಾ ಇಷ್ಟವಾದ ಭಾಗ ಇದು. 1988ರ ನವೆಂಬರ್ 21ರಂದು ಅವರನ್ನು ಗೃಹಮಂತ್ರಿಯ ಹತ್ತಿರ ಕರೆದೊಯ್ದರು. ನಿಮಗೆ ಏನಾದರೂ ಬೇಕಾ ಅಂತ ಮಂತ್ರಿ ಕೇಳಿದರು. ಬಿಡುಗಡೆ ಬೇಕು ಅಂದರು. ಯಾವಾಗ? ಇವತ್ತೇ. ಮಂತ್ರಿಗೆ ಆಶ್ಚರ್ಯ. ಥುವಾನ್ ವಿವರಿಸಿದರು. ನಾನು ಒಳಗಿದ್ದದ್ದು ಬೇಕಾದಷ್ಟಾಯಿತು, ಮೂವರು ಪೋಪರ ಕಾಲ ಆಯಿತು. ಆರನೇ ಪಾಲ್, ಮೊದಲನೇ ಜಾನ್ ಪಾಲ್, ಎರಡನೇ ಜಾನ್ ಪಾಲ್. ಸೋವಿಯತ್ ಕಡೆ ನಾಲ್ವರು ಪ್ರಧಾನ ಕಾರ್ಯದರ್ಶಿಗಳ ಕಾಲವೂ ಆಯಿತು. ಬ್ರೆಜ್ನೆವ್, ಆಂಡ್ರೊಪೊವ್, ಚೆರ್ನೆಂಕೊ, ಗೊರ್ಬಚೆವ್. ಮಂತ್ರಿ ನಕ್ಕು, ಅದು ನಿಜ ಅಂದರು. ಬಿಟ್ಟರು.

ಕಾಯದೆ ಇದ್ದವರು ಬಾಗಿಲು ತೆರೆದ ಗಳಿಗೆಯಲ್ಲಿ "ಇವತ್ತೇ" ಅಂದರು! ಆಸೆ ಬಿಟ್ಟವರ ಮಾತಲ್ಲ ಅದು. ಬಿಡುಗಡೆ ಬೇಕು ಅನ್ನುವುದು ಹದಿಮೂರು ವರ್ಷವೂ ಒಳಗೆ ಇದ್ದೇ ಇತ್ತು. ಆ ಒಂದು ಬೇಕಿಗಾಗಿ ಉಳಿದ ಗಳಿಗೆಗಳನ್ನೆಲ್ಲ ಬದಿಗಿಡಲಿಲ್ಲ ಅಷ್ಟೇ.

ಬಿಡುಗಡೆಯ ನಂತರದ ಬದುಕನ್ನು ಬೇಗ ಹೇಳಿಬಿಡುತ್ತೇನೆ. ಸೈಗಾನಿನ ತಮ್ಮ ಜನರ ಹತ್ತಿರ ಅವರಿಗೆ ಹೋಗಲು ಆಗಲೇ ಇಲ್ಲ. 1991ರಲ್ಲಿ ರೋಮಿಗೆ ಹೋದರು, ವಾಪಸ್ ಬರಲು ಸರ್ಕಾರ ಬಿಡಲಿಲ್ಲ. 1994ರಲ್ಲಿ ವ್ಯಾಟಿಕನ್ನಿನ ನ್ಯಾಯ ಮತ್ತು ಶಾಂತಿ ಮಂಡಳಿಯ ಉಪಾಧ್ಯಕ್ಷ, 1998ರಲ್ಲಿ ಅಧ್ಯಕ್ಷ. 2000ದ ಮಾರ್ಚ್‌ನಲ್ಲಿ, ಈಸ್ಟರ್‌ಗೆ ಮುಂಚಿನ ಧ್ಯಾನದ ವಾರ ಪೋಪ್ ಎರಡನೇ ಜಾನ್ ಪಾಲ್ ಮತ್ತು ವ್ಯಾಟಿಕನ್ನಿನ ದೊಡ್ಡವರಿಗೆಲ್ಲ ಉಪದೇಶ ಮಾಡುವ ಭಾಗ್ಯ ಅವರಿಗೆ ಸಿಕ್ಕಿತು. ಅವರು ಆರಿಸಿಕೊಂಡ ವಿಷಯ ಭರವಸೆ. ಅದು ಮುಗಿದಾಗ ಪೋಪ್ ಅವರಿಗೆ ಪೂಜಾಪಾತ್ರೆಯೊಂದನ್ನು ಉಡುಗೊರೆ ಕೊಟ್ಟರು. ಅಂಗೈಯಲ್ಲಿ ಪೂಜೆ ಮಾಡಿದವರಿಗೆ ಪಾತ್ರೆ.

2001ರ ಫೆಬ್ರವರಿ 21ರಂದು ರೋಮಿನಲ್ಲಿ ಒಟ್ಟು 44 ಹೊಸ ಕಾರ್ಡಿನಲ್‌ಗಳು. ಮುಂದೆ ಪೋಪ್ ಫ್ರಾನ್ಸಿಸ್ ಆದ ಬ್ಯೂನಸ್ ಐರಿಸ್‌ನ ಆರ್ಚ್‌ಬಿಷಪ್ ಕೂಡ ಅವರಲ್ಲಿ ಒಬ್ಬರು. ನಮ್ಮ ದೇಶದಿಂದ ಮುಂಬೈಯ ಐವನ್ ಡಯಾಸ್, ಕೇರಳದ ವರ್ಕಿ ವಿತಯತ್ತಿಲ್. ಕಾರ್ಡಿನಲ್ ಅಂದರೆ ಪೋಪ್‌ಗೆ ಸಲಹೆ ಕೊಡುವ, ಹೊಸ ಪೋಪ್‌ನನ್ನು ಆರಿಸುವ ಪದವಿ. ಬೇಕಾದರೆ ರಕ್ತ ಹರಿಸಲೂ ಸಿದ್ಧ ಅನ್ನುವುದಕ್ಕೆ ಕೆಂಪು ಟೋಪಿ. ಥುವಾನ್ ಆ ಟೋಪಿ ಇಟ್ಟುಕೊಂಡು ಬದುಕಿದ್ದು ಒಂದೂವರೆ ವರ್ಷ. 2002ರ ಸೆಪ್ಟೆಂಬರ್ 16ರಂದು ಕ್ಯಾನ್ಸರ್‌ನಿಂದ ರೋಮಿನಲ್ಲಿ ತೀರಿಕೊಂಡರು. 74 ವರ್ಷ. ಹೆತ್ತ ತಾಯಿ ಇನ್ನೂ ಇದ್ದರು. 2017ರಲ್ಲಿ ಪೋಪ್ ಫ್ರಾನ್ಸಿಸ್ ಥುವಾನ್ ಅವರನ್ನು ಪೂಜ್ಯರೆಂದು ಸಾರಿದರು. ಸಂತ ಪದವಿಯ ದಾರಿಯಲ್ಲಿ ಅದು ಒಂದು ಮೆಟ್ಟಿಲು.

ಅವರು ಕಾರ್ಡಿನಲ್ ಆದ ಬುಧವಾರಕ್ಕೂ ನಮ್ಮ ಗಣಿ ಮುಚ್ಚಿದ ಬುಧವಾರಕ್ಕೂ ಒಂದೇ ವಾರ.

ಇದನ್ನೆಲ್ಲ ಓದುತ್ತಾ ಓದುತ್ತಾ ಅಪ್ಪನ ಆ ಫೈಲ್ ಬಗ್ಗೆ ನನಗಿದ್ದ ಸಿಟ್ಟು ಬೇರೆ ಏನೋ ಆಯಿತು. ನಾನು ಒಂದನ್ನು ನೋಡಿಯೂ ನೋಡಿರಲಿಲ್ಲ. ಸಂಜೆ ಐದಾದರೆ ನಮ್ಮ ಜಗಲಿಯಲ್ಲಿ ಲೈನಿನ ಮಕ್ಕಳು ಸ್ಲೇಟು, ನೋಟ್‌ಬುಕ್ ಹಿಡಿದು ಸೇರುತ್ತಿದ್ದರು. ಅಪ್ಪ ಲೆಕ್ಕ ಹೇಳಿಕೊಡುತ್ತಿದ್ದರು. ತಮಿಳು ಮೀಡಿಯಂ, ಕನ್ನಡ ಮೀಡಿಯಂ, ಇಂಗ್ಲಿಷ್ ಮೀಡಿಯಂ ಎಲ್ಲ ಒಟ್ಟಿಗೆ. ಲೆಕ್ಕಕ್ಕೆ ಭಾಷೆ ಬೇಡ ಅನ್ನುತ್ತಿದ್ದರು. ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಭಾಗಾಕಾರ ತಪ್ಪಿದ ಮಗುವಿನ ಕೈಯಿಂದ ಬಳಪ ಕಿತ್ತುಕೊಳ್ಳುತ್ತಿರಲಿಲ್ಲ. ತಪ್ಪಿದ ಜಾಗದಲ್ಲಿ ಬೆರಳಿಟ್ಟು ಕೂರುತ್ತಿದ್ದರು, ಮಗುವೇ ಅಳಿಸಿ ಬರೆಯುವವರೆಗೆ. ಎಷ್ಟು ಹೊತ್ತಾದರೂ ಸರಿ. ಆಗ ನಾನು ಅಪ್ಪ ಹೊತ್ತು ಕಳೆಯುತ್ತಿದ್ದಾರೆ ಅಂದುಕೊಂಡಿದ್ದೆ. ಕಾಲೇಜಿನ ಗೆಳತಿಯರಿಗೆ ಹಾಗೇ ಹೇಳಿಯೂ ಇದ್ದೆ. ಅದನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ.

ಆದರೂ ಅಪ್ಪ ಕಾದರು ಅನ್ನುವುದೂ ನಿಜವೇ. ಬೆಂಗಳೂರಿನಲ್ಲಿ ಲೆಕ್ಕ ಬರೆಯುವ ಕೆಲಸ ಎರಡು ಸಲ ಬಂತು, ಎರಡು ಸಲವೂ ಬೇಡ ಅಂದರು. ನಾಳೆ ಸೈರನ್ ಆದರೆ ಹಾಜರಿ ಬರೆಯುವವರು ಯಾರು ಅಂತ. ಅಮ್ಮ ಆ ವರ್ಷಗಳಲ್ಲಿ ಹೊಲಿಗೆ ಹಾಕಿ ನಮ್ಮನ್ನು ಓದಿಸಿದರು. ಕ್ಯಾಲೆಂಡರ್ ಹಾಳೆಯ ಹಿಂದೆ ಈಗ ರವಿಕೆಗಳ ಅಳತೆ ಬರೆಯುತ್ತಿದ್ದರು. ಆ ಭಾರ ಅಪ್ಪನಿಗೆ ಗೊತ್ತಿರಲಿಲ್ಲ ಅಂತ ನಾನು ಹೇಳಲಾರೆ. ಎರಡೂ ಒಬ್ಬರೊಳಗೇ ಇದ್ದವು.

ಮಾಮ ಕೆಲಸ ಬಿಟ್ಟು ಈಗ ಊರಲ್ಲೇ ಇದ್ದಾರೆ. ಗಣಿಯ ದೂಳು ಅವರ ಎದೆಯಲ್ಲಿ ಉಳಿದಿದೆ, ನಾಲ್ಕು ಮಾತಿಗೊಮ್ಮೆ ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಾರೆ. ಹೋದ ಡಿಸೆಂಬರಿನಲ್ಲಿ ನೋಡಲು ಹೋಗಿದ್ದೆ. ಹಳೇ ದಿನದ ಹಾಗೇ ಜಗಲಿಯಲ್ಲಿ ಕೂತೆವು. ಅವತ್ತು ನೀವು ಹೇಳಿದ ಕಾರ್ಡಿನಲ್ ಬಗ್ಗೆ ಓದಿದೆ ಮಾಮ ಅಂದೆ. ಅವರಿಗೆ ಹೆಸರು ನೆನಪಿರಲಿಲ್ಲ. "ಕಾಯಲ್ಲ ಅಂದ್ರಲ್ಲ, ಅವರಾ?" ಅಂದರು.

ಶಿಲುಬೆಯ ಕಥೆ ಹೇಳಿದೆ. ಶಿಬಿರದಲ್ಲಿ ಮರ ಕಡಿಯುವ ಕೆಲಸಕ್ಕೆ ಹಾಕಿದಾಗ ಒಂದು ಚೂರು ಮರವನ್ನು ಶಿಲುಬೆಯ ಆಕಾರಕ್ಕೆ ಕತ್ತರಿಸಿಕೊಳ್ಳಲು ಕಾವಲುಗಾರನನ್ನು ಕೇಳಿದ್ದು. ಧಾರ್ಮಿಕ ಗುರುತು ಇಟ್ಟುಕೊಳ್ಳುವುದು ತಪ್ಪು, ಸಿಕ್ಕಿಬಿದ್ದರೆ ಇಬ್ಬರಿಗೂ ಶಿಕ್ಷೆ. ಆದರೂ ಆತ ನೋಡದ ಹಾಗೆ ಆ ಕಡೆ ಹೋಗಿದ್ದು. ಆ ಶಿಲುಬೆಯನ್ನು ಸೋಪಿನೊಳಗೆ ಹುದುಗಿಸಿ ಬಿಡುಗಡೆಯವರೆಗೂ ಕಾಪಾಡಿಕೊಂಡಿದ್ದು. ಆಮೇಲೆ ಹನೋಯ್ ಹತ್ತಿರದ ಸೆರೆಯಲ್ಲಿ ಇನ್ನೊಬ್ಬ ಕಾವಲುಗಾರನ ಹತ್ತಿರ ಒಂದು ತುಂಡು ಕರೆಂಟ್ ವೈರ್ ಕೇಳಿದ್ದು. ಆತ ನೇಣು ಹಾಕಿಕೊಳ್ಳುತ್ತಾರೇನೋ ಅಂತ ಹೆದರಿದ್ದು. ಶಿಲುಬೆಗೆ ಸರ ಮಾಡಿಕೊಳ್ಳಬೇಕು ಅಂದಾಗ ಮೂರು ದಿನ ಬಿಟ್ಟು ಕಟಿಂಗ್ ಪ್ಲೇಯರ್ ತಂದಿದ್ದು. ಏಳರಿಂದ ಹನ್ನೊಂದರವರೆಗೆ ಸಮಯ. ಇನ್ನೊಬ್ಬ ಕಾವಲಿನವನು ಬರುವಷ್ಟರಲ್ಲಿ ಸರ ಮುಗಿಯಬೇಕಿತ್ತು. ಬಿಷಪ್ ಆಗಿ, ಕಾರ್ಡಿನಲ್ ಆಗಿ ಅವರು ಎದೆಯ ಮೇಲೆ ಹಾಕಿಕೊಂಡಿದ್ದು ಅದೇ ಮರದ ಶಿಲುಬೆ, ಅದೇ ವೈರಿನ ಸರ.

ಮಾಮ ಗಮನ ಇಟ್ಟು ಕೇಳಿದರು. ಚಿಕ್ಕವಳಿದ್ದಾಗ ನನ್ನ ಸೈಕಲ್ ಬೀಗದ ಕೈಗೆ ಅವರು ಹಳೇ ವೈರ್ ತಿರುಚಿ ಒಂದು ಸರ ಮಾಡಿಕೊಟ್ಟಿದ್ದರು. ಕೆಂಪು, ಹಳದಿ ವೈರು. ಅಂಡರ್‌ಗ್ರೌಂಡಿನವರ ಕೈಗೆ ವೈರ್ ಸಿಕ್ಕರೆ ಸುಮ್ಮನೆ ಇರುತ್ತಿರಲಿಲ್ಲ.

"ಯಾವ ವೈರು? ಒಳಗಿನ ತಂತಿ ತಾಮ್ರದ್ದಾ, ಗಟ್ಟಿದಾ?"

"ಗೊತ್ತಿಲ್ಲ ಮಾಮ."

"ಸರ ಎಷ್ಟುದ್ದ?"

ನಾನು ಎದೆಯವರೆಗೆ ಕೈ ತೋರಿಸಿದೆ. ಮಾಮ ಎಡಗೈ ಹೆಬ್ಬೆರಳು ತೋರುಬೆರಳಿನಲ್ಲಿ ಇಲ್ಲದ ತಂತಿಯೊಂದನ್ನು ಹಿಡಿದರು. ಬಲಗೈಯಲ್ಲಿ ಕತ್ತರಿಸಿದರು, ಬಗ್ಗಿಸಿದರು, ಒಂದು ಕೊಂಡಿಗೆ ಇನ್ನೊಂದು ಸಿಕ್ಕಿಸಿದರು. ಬಾಯಲ್ಲಿ ಏನೋ ಎಣಿಸುತ್ತಿದ್ದರು. ಉಸಿರು ಎಳೆದುಕೊಂಡು, ತಲೆ ಅಲ್ಲಾಡಿಸಿದರು.

"ಇಲ್ಲ ಪಾಪಾ. ನಾಕು ಗಂಟೆಲಿ ಒಬ್ಬರ ಕೈಲಿ ಆಗೋ ಕೆಲಸ ಅಲ್ಲ ಇದು. ಒಬ್ಬರು ಹಿಡ್ಕೋಬೇಕು, ಒಬ್ಬರು ತಿರುಚಬೇಕು. ಆ ಕಾವಲಿನವನೂ ಜೊತೇಲಿ ಕೂತಿರ್ತಾನೆ ನೋಡು."

ಆ ಕಾವಲುಗಾರ ಪಕ್ಕದಲ್ಲೇ ಕೂತು ಸರ ಮಾಡಲು ಕೈ ಜೋಡಿಸಿದ್ದನ್ನು ನಾನು ಮಾಮನಿಗೆ ಇನ್ನೂ ಹೇಳಿರಲಿಲ್ಲ.